ನಿಮಗಿದು ಗೊತ್ತೇ? ಬೊಂಡಾಸಿನ ಹೊಟ್ಟೆಯಲ್ಲಿ ಎರಡು ದೀಪ

ಬೆಂಗಳೂರಿನ ಗೋವಿಂದರಾಜನಗರಕ್ಕೂ ಕಡಲಿಗೂ ಎಲ್ಲಿಂದೆಲ್ಲಿಯ ಸಂಬಂಧ? ಮಂಗಳೂರು ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್ ದೂರ. ಎತ್ತರದ ಲೆಕ್ಕದಲ್ಲಿ ನಾವಿರುವುದು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲೆ. ಈಗ ಅದೇ 900 ಮೀಟರನ್ನು ಸಮುದ್ರಮಟ್ಟದಿಂದ ಕೆಳಕ್ಕೆ ಅಳೆಯಿರಿ. ಅಲ್ಲಿ ಮಟಮಟ ಮಧ್ಯಾಹ್ನವೂ ಹೆಚ್ಚುಕಡಿಮೆ ಕಗ್ಗತ್ತಲು. ಆ ಕತ್ತಲಿನ ನಿವಾಸಿಗಳಲ್ಲಿ ಬಹುಪಾಲು ಮಂದಿ ತಮಗೆ ಬೇಕಾದ ಬೆಳಕನ್ನು ತಾವೇ ತಯಾರಿಸಿಕೊಳ್ಳುತ್ತಾರೆ. ಬಿಲ್ಲೂ ಇಲ್ಲ, ಪವರ್ ಕಟ್ಟೂ ಇಲ್ಲ. ಅದರಲ್ಲೂ ಸೋಜಿಗವೆಂದರೆ, ಅವರಲ್ಲಿ ಅನೇಕರು ದೀಪ ಹಚ್ಚುವುದು ಕಾಣಿಸಿಕೊಳ್ಳುವುದಕ್ಕಲ್ಲ, ಅಡಗಿಕೊಳ್ಳುವುದಕ್ಕೆ!

ಮೀನಿನಂಗಡಿಯಿಂದಲೇ ಶುರು

● ಮಲ್ಪೆ, ಮಂಗಳೂರು ಬಂದರುಗಳಲ್ಲಿ ಇಳಿದು ಬೆಂಗಳೂರಿಗೆ ಬರುವ ಬೊಂಡಾಸ್, ಅಂದರೆ ಸ್ಕ್ವಿಡ್, ಹೆಚ್ಚಾಗಿ ‘ಯೂರೋಟ್ಯೂಥಿಸ್ ಡುವಾಸೆಲಿ’ ಎಂಬ ಜಾತಿಯದು. ಅದರ ಹೊಟ್ಟೆಯೊಳಗಿನ ಮಸಿಚೀಲದ ಎಡಕ್ಕೊಂದು, ಬಲಕ್ಕೊಂದು ಪುಟ್ಟ ಬೆಳಕಿನ ಅಂಗಗಳಿವೆ. ಬೆಳಗುವುದು ಬೊಂಡಾಸ್ ಅಲ್ಲ, ಆ ಅಂಗಗಳಲ್ಲಿ ಬಿಡಾರ ಹೂಡಿದ ಬ್ಯಾಕ್ಟೀರಿಯಾಗಳು. ಅಂಗಡಿಯಲ್ಲಿ ಕ್ಲೀನ್ ಮಾಡಿ ಮಸಿಚೀಲ ಕಿತ್ತೆಸೆಯುವಾಗ ದೀಪಗಳೂ ಅದರ ಜೊತೆಗೇ ಹೋಗುತ್ತವೆ. ಘೀ ರೋಸ್ಟಿನ ತಟ್ಟೆಗೆ ಬರುವುದು ದೀಪವಿಲ್ಲದ ಬೊಂಡಾಸ್.

● ಈ ಜಾತಿ ಪಾತಾಳವಾಸಿಯೇನಲ್ಲ. ಕರಾವಳಿಗೆ ಹತ್ತಿರದ, ಹೆಚ್ಚು ಆಳವಿಲ್ಲದ ನೀರಿನದು. ಬೆಳಕು ಮಾಡುವ ವಿದ್ಯೆ ಆಳಸಮುದ್ರದವರ ಸ್ವಂತ ಆಸ್ತಿ ಅಲ್ಲ ಎಂಬುದಕ್ಕೆ ಇದೇ ಸಾಕ್ಷಿ.

● ಬೊಂಡಾಸಿಗೆ ಮೂರು ಹೃದಯ. ರಕ್ತ ನೀಲಿ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣ, ಅದರ ರಕ್ತದಲ್ಲಿ ತಾಮ್ರ.

● ಲವ್‌ಬರ್ಡ್ಸ್ ಸಾಕುವವರು ಪಂಜರಕ್ಕೆ ಸಿಕ್ಕಿಸುವ ಬಿಳಿ ಚಕ್ಕೆ, ಗ್ರಂದಿಗೆ ಅಂಗಡಿಯಲ್ಲಿ ‘ಸಮುದ್ರಫೇನ’ ಎನ್ನಿಸಿಕೊಳ್ಳುವ ವಸ್ತು, ನಿಜಕ್ಕೂ ನೊರೆಯಲ್ಲ. ಅದು ಬೊಂಡಾಸಿನ ದಾಯಾದಿ ಕಟ್ಲ್‌ಫಿಶ್‌ನ ಬೆನ್ನೊಳಗಿನ ಚಿಪ್ಪು.

● ಕರಾವಳಿಯ ಬಲೆಗೆ ಬೀಳುವ ಸಿಲ್ವರ್‌ಬೆಲ್ಲಿ ಮೀನುಗಳ ಅನ್ನನಾಳದ ಸುತ್ತ ಬೆಳಕಿನ ಅಂಗವೊಂದು ಬಳೆಯಂತೆ ಸುತ್ತಿಕೊಂಡಿರುತ್ತದೆ. ಅಲ್ಲಿಯೂ ಬೆಳಗುವುದು ಬ್ಯಾಕ್ಟೀರಿಯಾ. ಹಲವು ಜಾತಿಗಳಲ್ಲಿ ಗಂಡಿನ ದೀಪ ಹೆಣ್ಣಿನದಕ್ಕಿಂತ ದೊಡ್ಡದು.

● ಹಸಿ ಮೀನೋ ಸಿಗಡಿಯೋ ಕತ್ತಲ ಅಡುಗೆಮನೆಯಲ್ಲಿ ಮಂಕಾಗಿ ಹೊಳೆದರೆ ದೆವ್ವ ಎಂದು ಓಡಬೇಡಿ. ಫ್ರಿಜ್ಜಿನ ತಂಪಿನಲ್ಲೂ ಬೆಳೆಯಬಲ್ಲ, ಬೆಳಕು ಸೂಸುವ ಸಮುದ್ರ ಬ್ಯಾಕ್ಟೀರಿಯಾಗಳಿವೆ. ಹೊಳೆದ ಮಾತ್ರಕ್ಕೆ ಮೀನು ಕೆಟ್ಟಿದೆ ಎಂದಲ್ಲ, ಹೊಳೆಯದ ಮಾತ್ರಕ್ಕೆ ತಾಜಾ ಎಂದೂ ಅಲ್ಲ. ಮೂಗೇ ಪ್ರಮಾಣ.

● ಫೋಲಾಸ್ ಎಂಬ ಕಪ್ಪೆಚಿಪ್ಪಿನ ಜೀವಿಯನ್ನು ಹಸಿಯಾಗಿ ತಿಂದವರ ಬಾಯಿಯೇ ಬೆಳಗುತ್ತದೆ ಎಂದು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ಪ್ಲಿನಿ ಬರೆದಿಟ್ಟಿದ್ದ.

ಬೆಳಕು ಹುಟ್ಟುವ ಬಗೆ

● ಉರಿ ಇಲ್ಲ, ಎಣ್ಣೆ ಇಲ್ಲ, ಬಿಸಿಯೂ ಇಲ್ಲ. ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದೊಂದಿಗೆ ಸೇರುವಾಗ ಬೆಳಕು ಹೊಮ್ಮುತ್ತದೆ. ಈ ಕೆಲಸ ಬೇಗ ಮುಗಿಸಿಕೊಡುವ ಕಿಣ್ವ ಲೂಸಿಫೆರೇಸ್. ಇವೆರಡಕ್ಕೂ ಹೆಸರಿಟ್ಟವನು ಫ್ರಾನ್ಸಿನ ರಫಾಯೆಲ್ ದುಬೋಯಿಸ್, 1887ರಲ್ಲಿ. ಅವನು ಪ್ರಯೋಗಕ್ಕೆ ಬಳಸಿದ್ದು ಪ್ಲಿನಿಯ ಅದೇ ಫೋಲಾಸ್.

● ಅದಕ್ಕೂ ಎರಡು ಶತಮಾನ ಮುಂಚೆ, 1660ರ ದಶಕದಲ್ಲಿ, ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಹೊಳೆಯುವ ಕೊಳೆತ ಮರ ಮತ್ತು ಮೀನನ್ನು ಗಾಜಿನ ಪಾತ್ರೆಯಲ್ಲಿಟ್ಟು ಗಾಳಿ ಹೊರತೆಗೆದ. ಬೆಳಕು ಮಂಕಾಯಿತು. ಗಾಳಿ ಬಿಟ್ಟ, ಮರಳಿ ಬಂತು. ಆಮ್ಲಜನಕ ಎಂಬುದೊಂದಿದೆ ಎಂದೇ ಗೊತ್ತಿಲ್ಲದ ಕಾಲವದು!

● ಆಳದ ದೀಪಗಳಲ್ಲಿ ಹೆಚ್ಚಿನವು ನೀಲಿ. ಕೆಂಪು ಬೆಳಕನ್ನು ನೀರು ಮೇಲ್ಭಾಗದಲ್ಲೇ ನುಂಗಿಬಿಡುತ್ತದೆ. ಸುಮಾರು 475 ನ್ಯಾನೋಮೀಟರಿನ ನೀಲಿ ಅತಿ ದೂರ ಸಾಗುತ್ತದೆ. ದೂರ ಮುಟ್ಟದ ಬಣ್ಣವನ್ನು ಯಾರು ತಾನೇ ಹಚ್ಚುತ್ತಾರೆ?

● ಎಲ್ಲರೂ ಲೂಸಿಫೆರಿನನ್ನು ತಾವೇ ತಯಾರಿಸುವುದಿಲ್ಲ. ಸೀಲೆಂಟೆರಾಜಿನ್ ಎಂಬ ಬಗೆಯನ್ನು ಹಲವು ಪ್ರಾಣಿಗಳು ಬೇಟೆಯನ್ನು ತಿಂದೇ ಪಡೆಯುತ್ತವೆ. ಅವು ನಿನ್ನೆ ಉಂಡದ್ದೇ ಇವತ್ತಿನ ಬೆಳಕು.

● ಅಮೆರಿಕದ ಮಾಂಟೆರೇ ಕೊಲ್ಲಿಯ ಸಂಶೋಧಕರು 17 ವರ್ಷಗಳ ಆಳಸಮುದ್ರದ ವಿಡಿಯೋಗಳಲ್ಲಿ ಕಂಡ ಸುಮಾರು 3.5 ಲಕ್ಷ ಪ್ರಾಣಿಗಳನ್ನು ಲೆಕ್ಕ ಹಾಕಿದರು. 2017ರಲ್ಲಿ ಬಂದ ಫಲಿತಾಂಶ: 76% ಪ್ರಾಣಿಗಳು ಬೆಳಕು ಸೂಸಬಲ್ಲವು. ಅಲ್ಲಿ ದೀಪವಿಲ್ಲದವರೇ ಅಲ್ಪಸಂಖ್ಯಾತರು.

● ಈ ವಿದ್ಯೆ ಒಬ್ಬನೇ ಪೂರ್ವಜನಿಂದ ಎಲ್ಲರಿಗೂ ವಂಶಪಾರಂಪರ್ಯವಾಗಿ ಬಂದದ್ದಲ್ಲ. ಜೀವವಿಕಾಸದಲ್ಲಿ ಕನಿಷ್ಠ 94 ಸಲ ಬೇರೆ ಬೇರೆಯಾಗಿ ಹುಟ್ಟಿದೆ ಎಂಬುದು ವಿಜ್ಞಾನಿಗಳ ಎಣಿಕೆ. ಅತಿ ಹಳೆಯದು ಸುಮಾರು 54 ಕೋಟಿ ವರ್ಷಗಳಷ್ಟು ಹಿಂದಿನ ಹವಳ ವರ್ಗದ ಜೀವಿಗಳದ್ದು ಎಂದು 2024ರ ಅಧ್ಯಯನವೊಂದು ಅಂದಾಜಿಸಿದೆ.

● ಸಿಹಿನೀರಿನಲ್ಲಿ ಮಾತ್ರ ಈ ಕಲೆ ಬಲು ಅಪರೂಪ. ನ್ಯೂಜಿಲೆಂಡಿನ ಹೊಳೆಗಳ ‘ಲೇಟಿಯಾ’ ಎಂಬ ಪುಟ್ಟ ಬಸವನಹುಳು ಹೆಸರಾಂತ ಅಪವಾದ. ಆದ್ದರಿಂದ ನಮ್ಮ ವೃಷಭಾವತಿ ಹೊಳೆಯಲ್ಲಿ ರಾತ್ರಿ ಏನಾದರೂ ಮಿನುಗಿದರೆ ಅದು ಬೀದಿದೀಪದ ಬೆಳಕು ಬಿದ್ದ ನೊರೆ, ಜೀವಿಯಲ್ಲ.

● ಅಕ್ವೇರಿಯಂ ಅಂಗಡಿಯ ನಿಯಾನ್ ಟೆಟ್ರಾ ಮೀನಿನ ನೀಲಿ ಗೆರೆಯೂ ಸ್ವಂತ ಬೆಳಕಲ್ಲ. ಚರ್ಮದ ಹರಳುಗಳು ಹೊರಗಿನ ಬೆಳಕನ್ನು ಮರಳಿಸುತ್ತವೆ, ಅಷ್ಟೆ. ಲೈಟ್ ಆರಿಸಿ, ಗುಟ್ಟು ರಟ್ಟು.

ಅಡಗುವುದಕ್ಕೊಂದು ದೀಪ

● 200ರಿಂದ 1,000 ಮೀಟರ್ ಆಳದವರೆಗಿನದು ಮಬ್ಬು ವಲಯ. ಅಲ್ಲಿ ಕೆಳಗಿನಿಂದ ತಲೆಯೆತ್ತಿ ನೋಡುವ ಬೇಟೆಗಾರನಿಗೆ ಮೇಲೆ ಈಜುವ ಪ್ರಾಣಿ ಕಪ್ಪು ನೆರಳಾಗಿ ಕಾಣುತ್ತದೆ. ಇದಕ್ಕೆ ಉಪಾಯ: ಹೊಟ್ಟೆಯಡಿ ದೀಪ ಹಚ್ಚಿ, ಮೇಲಿಂದ ಇಳಿಯುವ ಬೆಳಕು ಎಷ್ಟಿದೆಯೋ ಸರಿಯಾಗಿ ಅಷ್ಟೇ ಬೆಳಕು ಕೆಳಕ್ಕೆ ಸೂಸುವುದು. ನೆರಳು ಅಳಿಸಿಹೋಗುತ್ತದೆ. ಮೋಡ ಕವಿದರೆ ದೀಪ ಸಣ್ಣಗೆ ಮಾಡಬೇಕು, ಮೋಡ ಸರಿದರೆ ದೊಡ್ಡದು; ಹೆಚ್ಚಾದರೂ ಪ್ರಾಣಕ್ಕೆ ಸಂಚಕಾರ, ಕಡಿಮೆಯಾದರೂ ಸಂಚಕಾರ.

● ಹವಾಯಿಯ ಬಾಬ್‌ಟೇಲ್ ಸ್ಕ್ವಿಡ್ ಹೆಬ್ಬೆರಳುದ್ದದ ಪ್ರಾಣಿ. ಹಗಲೆಲ್ಲ ಮರಳಿನಲ್ಲಿ ಹೂತುಕೊಂಡು ನಿದ್ದೆ, ರಾತ್ರಿ ಬೇಟೆ. ಮೊಟ್ಟೆಯೊಡೆದು ಬಂದ ಕೆಲವೇ ಗಂಟೆಗಳಲ್ಲಿ ಕಡಲ ನೀರಿನಲ್ಲಿರುವ ಲಕ್ಷೋಪಲಕ್ಷ ಬ್ಯಾಕ್ಟೀರಿಯಾಗಳ ನಡುವಿನಿಂದ ಒಂದೇ ಒಂದು ಜಾತಿಯನ್ನು, ವಿಬ್ರಿಯೋ ಫಿಶೆರಿಯನ್ನು, ತನ್ನ ಬೆಳಕಿನ ಅಂಗಕ್ಕೆ ಸೇರಿಸಿಕೊಳ್ಳುತ್ತದೆ. ಸಕ್ಕರೆ, ಅಮೈನೋ ಆಮ್ಲ ಕೊಟ್ಟು ಸಾಕುತ್ತದೆ. ರಾತ್ರಿ ಆ ಬೆಳಕಿನಿಂದ ತನ್ನ ನೆರಳನ್ನು ಅಳಿಸಿಕೊಳ್ಳುತ್ತದೆ. ದಿನಾ ಬೆಳಗಾಗುತ್ತಲೇ ಸುಮಾರು 95% ಬ್ಯಾಕ್ಟೀರಿಯಾಗಳನ್ನು ಹೊರದಬ್ಬುತ್ತದೆ. ಉಳಿದವು ಸಂಜೆಯೊಳಗೆ ಮತ್ತೆ ಮನೆ ತುಂಬಿಸುತ್ತವೆ.

● ಗಾಜಿನಂತೆ ಪಾರದರ್ಶಕ ಮೈಯ ಸ್ಕ್ವಿಡ್‌ಗಳೂ ಉಂಟು. ಮೈ ಮಾಯವಾದರೂ ಕಣ್ಣು ಮಾಯವಾಗದು, ಏಕೆಂದರೆ ನೋಡುವ ಕಣ್ಣು ಬೆಳಕನ್ನು ಹೀರಲೇಬೇಕು. ಹಾಗಾಗಿ ಅವು ದೀಪಗಳನ್ನು ಕಣ್ಣಿನ ಕೆಳಗೆ ಮಾತ್ರ ಇಟ್ಟುಕೊಂಡಿವೆ.

● ಸ್ಟ್ರಾಬೆರಿ ಸ್ಕ್ವಿಡ್ ಹುಟ್ಟಾ ಮೆಳ್ಳಗಣ್ಣು. ಎಡಗಣ್ಣು ಬಲಗಣ್ಣಿಗಿಂತ ಬಹಳ ದೊಡ್ಡದು. ದೊಡ್ಡದು ಮೇಲಿನ ನೆರಳುಗಳನ್ನು ಹುಡುಕುತ್ತದೆ. ಚಿಕ್ಕದು ಕೆಳಗಿನ ಕತ್ತಲಲ್ಲಿ ಮಿನುಗುವ ದೀಪಗಳನ್ನು.

● ದೀಪಗಳ ಊರಿನಲ್ಲಿ ದೀಪವಿಲ್ಲದೆ ಅಡಗುವುದು ಹೇಗೆ? ಕಡುಗಪ್ಪಾಗಿ. 2020ರಲ್ಲಿ ವಿಜ್ಞಾನಿಗಳು 16 ಜಾತಿಯ ಅತಿಗಪ್ಪು ಮೀನುಗಳನ್ನು ವರದಿ ಮಾಡಿದರು. ಅವುಗಳ ಚರ್ಮ ಮೇಲೆ ಬಿದ್ದ ಬೆಳಕಿನಲ್ಲಿ 99.5%ಕ್ಕೂ ಹೆಚ್ಚನ್ನು ಹೀರಿಬಿಡುತ್ತದೆ.

● ಕತ್ತಲಲ್ಲಿ ಕಪ್ಪು ಮಸಿ ಚೆಲ್ಲಿ ಏನು ಫಲ? ಅದಕ್ಕೇ ಹೆಟೆರೋಟ್ಯೂಥಿಸ್ ಎಂಬ ಪುಟ್ಟ ಸ್ಕ್ವಿಡ್ ಹೊಳೆಯುವ ದ್ರವವನ್ನೇ ಎರಚುತ್ತದೆ. ಶತ್ರು ಬೆಳಕಿನ ಮೋಡಕ್ಕೆ ಬಾಯಿ ಹಾಕುವಷ್ಟರಲ್ಲಿ ಆಸಾಮಿ ನಾಪತ್ತೆ.

ಸ್ಕ್ವಿಡ್ ಸಂಸಾರ

● ಜಪಾನಿನ ತೊಯಾಮಾ ಕೊಲ್ಲಿಗೆ ಪ್ರತಿ ವಸಂತದಲ್ಲೂ ಆಳದಿಂದ ಮಿಂಚುಹುಳು ಸ್ಕ್ವಿಡ್‌ಗಳು ಮೊಟ್ಟೆಯಿಡಲು ಏರಿ ಬರುತ್ತವೆ. ಉದ್ದ ಸುಮಾರು 7 ಸೆಂಟಿಮೀಟರ್, ಮೈತುಂಬ ನೂರಾರು ದೀಪ, ತೋಳಿನ ತುದಿಯಲ್ಲಿ ಎಲ್ಲಕ್ಕಿಂತ ಪ್ರಖರವಾದವು. ಅವು ಸೇರುವ ಆ ಕಡಲ ಭಾಗವನ್ನು 1952ರಲ್ಲಿ ಜಪಾನ್ ವಿಶೇಷ ನೈಸರ್ಗಿಕ ಸ್ಮಾರಕವೆಂದು ಘೋಷಿಸಿತು. ಸ್ಮಾರಕವಿದ್ದರೂ ಸ್ಕ್ವಿಡ್ ಹಿಡಿಯಲು ಅಡ್ಡಿಯಿಲ್ಲ. ಅದು ಅಲ್ಲಿನ ಋತುಮಾನದ ಅಚ್ಚುಮೆಚ್ಚಿನ ಖಾದ್ಯ.

● ಇದೇ ಸ್ಕ್ವಿಡ್‌ನ ಕಣ್ಣಲ್ಲಿ ಮೂರು ಬಗೆಯ ದೃಷ್ಟಿ ವರ್ಣಕಗಳಿವೆ. ಅದರ ಬಂಧುಬಳಗದಲ್ಲಿ ಬಹುತೇಕ ಎಲ್ಲರಿಗೂ ಒಂದೇ.

● ಟಾನಿಂಜಿಯಾ ಡಾನೆ ಎಂಬ ಎರಡು ಮೀಟರ್ ಮೀರುವ ಸ್ಕ್ವಿಡ್‌ನ ಎರಡು ತೋಳುಗಳ ತುದಿಯಲ್ಲಿ ನಿಂಬೆಹಣ್ಣಿನ ಗಾತ್ರದ ದೀಪಗಳಿವೆ. ಪ್ರಾಣಿಲೋಕದಲ್ಲೇ ಅತಿ ದೊಡ್ಡವೆಂದು ಹೆಸರಾದವು. ಬೇಕಾದಾಗ ಮುಚ್ಚಿ ತೆರೆಯಲು ಅವಕ್ಕೆ ರೆಪ್ಪೆಗಳೂ ಇವೆ. ಜಪಾನಿನ ತ್ಸುನೆಮಿ ಕುಬೊದೆರಾ ತಂಡ 2005ರಲ್ಲಿ ಒಗಸವಾರ ದ್ವೀಪಗಳ ಬಳಿ ಇದನ್ನು ಚಿತ್ರೀಕರಿಸಿದಾಗ, ಅದು ಬೇಟೆಗೆ ಎರಗುವ ಮುನ್ನ ಕಣ್ಣು ಕುಕ್ಕುವಂತೆ ಮಿಂಚು ಹೊಡೆಯುತ್ತಿತ್ತು.

● ಹಂಬೋಲ್ಟ್ ಸ್ಕ್ವಿಡ್‌ನ ದೀಪಗಳು ಮಾಂಸಖಂಡದೊಳಗೇ ಹುದುಗಿವೆ. ಮೈಯೆಲ್ಲ ಒಳಗಿನಿಂದ ಬೆಳಗಿ, ಚರ್ಮದ ಮೇಲಿನ ಚಿತ್ತಾರಗಳು ಕತ್ತಲಲ್ಲೂ ಓದಲು ಸಿಗುತ್ತವೆ. ಗುಂಪಿನಲ್ಲಿ ಪರಸ್ಪರ ಸಂಜ್ಞೆಗೆ ಇದು ನೆರವಾಗುತ್ತಿರಬೇಕು ಎನ್ನುತ್ತದೆ 2020ರ ಒಂದು ಅಧ್ಯಯನ.

● ‘ನರಕದ ರಕ್ತಪಿಪಾಸು ಸ್ಕ್ವಿಡ್’ ಎಂದು 1903ರಲ್ಲಿ ಜರ್ಮನಿಯ ಕಾರ್ಲ್ ಖುನ್ ಹೆಸರಿಟ್ಟ ಪ್ರಾಣಿ ರಕ್ತ ಹೀರುವುದಿಲ್ಲ, ಸ್ಕ್ವಿಡ್ಡೂ ಅಲ್ಲ, ಆಕ್ಟೋಪಸ್ಸೂ ಅಲ್ಲ. ಮೇಲಿನ ನೀರಿನಿಂದ ಉದುರುವ ಸತ್ತ ಜೀವಿಗಳ ಚೂರು, ಮಲ, ಕಸವೇ ಅದರ ಊಟ ಎಂದು 2012ರಲ್ಲಿ ಗೊತ್ತಾಯಿತು. ಕೆಣಕಿದರೆ ತೋಳಿನ ತುದಿಗಳಿಂದ ಹೊಳೆಯುವ ಲೋಳೆ ಚಿಮ್ಮಿಸುತ್ತದೆ. ಪಾಪದ ಪ್ರಾಣಿ, ಹೆಸರು ಮಾತ್ರ ರಾಕ್ಷಸನದು.

● ಆಕ್ಟೋಪೊಟ್ಯೂಥಿಸ್ ಎಂಬ ಸ್ಕ್ವಿಡ್ ಶತ್ರುವಿಗೆ ತೋಳಿನ ತುದಿಯನ್ನೇ ಕತ್ತರಿಸಿ ಕೊಟ್ಟು ಪರಾರಿಯಾಗುತ್ತದೆ. ಕಡಿದ ತುಂಡು ಒದ್ದಾಡುತ್ತಾ, ಮಿನುಗುತ್ತಾ ಶತ್ರುವಿನ ಗಮನ ಹಿಡಿದಿಡುತ್ತದೆ. ತೋಳು ಮತ್ತೆ ಬೆಳೆಯುತ್ತದೆ.

● ಕಥೆ, ಸಿನಿಮಾಗಳ ಹೀರೋ ದೈತ್ಯ ಸ್ಕ್ವಿಡ್‌ಗೆ ಸ್ವಂತ ದೀಪವೇ ಇಲ್ಲ. ಇರುವುದು ಸುಮಾರು 27 ಸೆಂಟಿಮೀಟರ್ ಅಗಲದ ಕಣ್ಣು. ಅಷ್ಟು ದೊಡ್ಡದೇಕೆ? ತನ್ನನ್ನು ತಿನ್ನಲು ಬರುವ ಸ್ಪರ್ಮ್ ತಿಮಿಂಗಿಲ ನೀರನ್ನು ಸೀಳುವಾಗ ದಾರಿಯಲ್ಲಿನ ಸೂಕ್ಷ್ಮಜೀವಿಗಳು ಬೆದರಿ ಹೊಳೆಯುತ್ತವೆ. ಆ ಹೊಳಪನ್ನು 120 ಮೀಟರ್ ದೂರದಿಂದಲೇ ಗುರುತಿಸಲಿಕ್ಕೆ ಎಂಬುದು 2012ರಲ್ಲಿ ಮಂಡಿತವಾದ ವಾದ. ತಿಮಿಂಗಿಲಕ್ಕೂ ದೀಪವಿಲ್ಲ, ಸ್ಕ್ವಿಡ್‌ಗೂ ದೀಪವಿಲ್ಲ; ಚಾಡಿ ಹೇಳುವುದು ನಡುವಿನ ಬಡಪಾಯಿಗಳು.

● ಅಟೋಲಾ ಎಂಬ ಲೋಳೆಮೀನು ಶತ್ರುವಿನ ಬಾಯಿಗೆ ಸಿಕ್ಕರೆ ಮೈಸುತ್ತ ನೀಲಿ ದೀಪಗಳನ್ನು ಚಕ್ರದಂತೆ ತಿರುಗಿಸುತ್ತದೆ. ಅದರ ಲೆಕ್ಕಾಚಾರ: ನನ್ನನ್ನು ತಿನ್ನುವವನನ್ನು ತಿನ್ನುವ ಇನ್ನೊಬ್ಬ ದೊಡ್ಡವನು ಬರಲಿ. ಅಮೆರಿಕದ ವಿಜ್ಞಾನಿ ಈಡಿತ್ ವಿಡ್ಡರ್ ಇದೇ ಚಕ್ರವನ್ನು ಎಲ್‌ಇಡಿಯಲ್ಲಿ ನಕಲು ಮಾಡಿ, ಮೀನಿಗೆ ಕಾಣದಷ್ಟು ಕಡುಗೆಂಪು ಬೆಳಕಿನ ಕ್ಯಾಮೆರಾ ಜೊತೆ ಆಳಕ್ಕಿಳಿಸಿದರು. 2012ರಲ್ಲಿ ಜಪಾನಿನ ಕಡಲಲ್ಲಿ ಆ ಗಾಳಕ್ಕೆ ಬಂದದ್ದು ಬೇರಾರೂ ಅಲ್ಲ, ದೈತ್ಯ ಸ್ಕ್ವಿಡ್.

● ತೂಕದಲ್ಲಿ ದೈತ್ಯ ಸ್ಕ್ವಿಡ್ಡನ್ನೂ ಮೀರಿಸುವ ಮಹಾಕಾಯ ಸ್ಕ್ವಿಡ್‌ಗೆ ವಿಜ್ಞಾನ ಹೆಸರಿಟ್ಟದ್ದು 1925ರಲ್ಲಿ. ಅದರ ಸಹಜ ನೆಲೆಯಲ್ಲಿ ಜೀವಂತವಾಗಿ ಕ್ಯಾಮೆರಾಗೆ ಸಿಕ್ಕಿದ್ದು ನೂರು ವರ್ಷಗಳ ಬಳಿಕ, 2025ರ ಮಾರ್ಚ್‌ನಲ್ಲಿ, ದಕ್ಷಿಣ ಸ್ಯಾಂಡ್‌ವಿಚ್ ದ್ವೀಪಗಳ ಬಳಿ ಸುಮಾರು 600 ಮೀಟರ್ ಆಳದಲ್ಲಿ. ಸಿಕ್ಕಿದ್ದು 30 ಸೆಂಟಿಮೀಟರಿನ ಮರಿ.

ಮೀನು, ಶಾರ್ಕ್, ಹುಳು

● ಹಣೆಯ ಮುಂದೆ ದೀಪದ ಗಾಳ ಇಳಿಬಿಟ್ಟು ಕೂರುವ ಆಂಗ್ಲರ್ ಮೀನಿನ ಚಿತ್ರ ನೋಡಿರುತ್ತೀರಿ. ಚಿತ್ರದಲ್ಲಿರುವುದು ಖಂಡಿತ ಹೆಣ್ಣು, ಗಂಡಿಗೆ ಗಾಳವಿಲ್ಲ. ಕೆಲವು ಜಾತಿಗಳಲ್ಲಿ ಪುಟಾಣಿ ಗಂಡು ಹೆಣ್ಣಿನ ಮೈಗೆ ಕಚ್ಚಿಕೊಂಡು, ಇಬ್ಬರ ರಕ್ತನಾಳಗಳೂ ಬೆಸೆದು, ಜೀವನಪೂರ್ತಿ ಅವಳ ಅಂಗವಾಗಿಯೇ ಉಳಿಯುತ್ತದೆ. ಪರಕೀಯ ದೇಹವನ್ನು ಅವಳ ಮೈ ತಿರಸ್ಕರಿಸುವುದಿಲ್ಲವೇ? ಇಲ್ಲ. ಅಂಥ ಜಾತಿಗಳು ರೋಗನಿರೋಧಕ ವ್ಯವಸ್ಥೆಯ ಮುಖ್ಯ ಜೀನ್‌ಗಳನ್ನೇ ಕಳೆದುಕೊಂಡಿವೆ ಎಂದು 2020ರಲ್ಲಿ ತಿಳಿಯಿತು.

● ಆಳದ ಬಹುತೇಕ ಕಣ್ಣುಗಳಿಗೆ ಕೆಂಪು ಕಾಣದು. ಮಲಕೋಸ್ಟಿಯಸ್ ಎಂಬ ಡ್ರ್ಯಾಗನ್ ಮೀನು ಕಣ್ಣಿನ ಕೆಳಗೆ ಕೆಂಪು ಟಾರ್ಚ್ ಇಟ್ಟುಕೊಂಡಿದೆ. ಅದರ ಬೆಳಕು ತನಗೆ ಕಾಣುತ್ತದೆ, ಬೇಟೆಗೆ ಕಾಣುವುದಿಲ್ಲ. ಕೆಂಪನ್ನು ನೋಡಲು ಅದರ ಕಣ್ಣು ಬಳಸುವುದು ಪತ್ರಹರಿತ್ತಿನಿಂದ ಬಂದ ವಸ್ತುವನ್ನು. ಸೂರ್ಯನನ್ನೇ ಕಾಣದ ಮೀನಿನ ಕಣ್ಣಲ್ಲಿ ಹಸಿರೆಲೆಯ ಸರಕು!

● ಬೆನ್ನೆಲುಬಿರುವ ಹೊಳೆಯುವ ಪ್ರಾಣಿಗಳಲ್ಲಿ ಅತಿ ದೊಡ್ಡದೆಂದು ಗೊತ್ತಾಗಿರುವುದು ಕೈಟ್‌ಫಿನ್ ಶಾರ್ಕ್. ಉದ್ದ 1.8 ಮೀಟರ್‌ವರೆಗೆ. ನ್ಯೂಜಿಲೆಂಡ್ ಬಳಿ ಸಿಕ್ಕ ಶಾರ್ಕ್‌ಗಳ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅದರ ದೀಪದ ಸ್ವಿಚ್ಚು ನರದಲ್ಲಿಲ್ಲ, ಹಾರ್ಮೋನಿನಲ್ಲಿದೆ.

● ‘ಹಸಿರು ಬಾಂಬರ್’ ಎಂಬ ಈಜುಹುಳು 2009ರಲ್ಲಿ ಲೋಕಕ್ಕೆ ಪರಿಚಯವಾಯಿತು. ಬೆದರಿದರೆ ಮೈಯಿಂದ ಪುಟ್ಟ ಗುಂಡುಗಳನ್ನು ಉದುರಿಸುತ್ತದೆ; ಅವು ಹಸಿರಾಗಿ ಹೊತ್ತಿಕೊಳ್ಳುತ್ತವೆ.

● ನೀಲಿಯ ರಾಜ್ಯದಲ್ಲಿ ಹಳದಿ ಬೆಳಕು ಸೂಸುವ ಅಪರೂಪದ ಜೀವಿ ಟೊಮೊಪ್ಟೆರಿಸ್ ಹುಳು.

● ಲ್ಯಾಂಟರ್ನ್ ಮೀನುಗಳಲ್ಲಿ ಸುಮಾರು 250 ಜಾತಿಗಳಿವೆ. ಹೆಚ್ಚಿನವು ಬೆರಳುದ್ದದವು. ಯಾವ ದೀಪ ಎಲ್ಲಿದೆ ಎಂಬುದನ್ನು ನೋಡಿಯೇ ಜಾತಿ ಗುರುತಿಸಬಹುದು. ರಾತ್ರಿ ಮೇಲೆ ಬಂದು ಮೇಯುವುದು, ಹಗಲು ನೂರಾರು ಮೀಟರ್ ಕೆಳಕ್ಕಿಳಿಯುವುದು ಅವುಗಳ ದಿನಚರಿ.

● ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೋನಾರ್ ಉಪಕರಣಗಳಿಗೆ ಕಡಲ ನಡುವೆ ಹಗಲು ಒಂದು ಆಳದಲ್ಲಿ, ರಾತ್ರಿ ಇನ್ನೊಂದು ಆಳದಲ್ಲಿ ‘ಸುಳ್ಳು ತಳ’ ಕಾಣತೊಡಗಿತು. ತಳ ಏರಿಳಿಯುವುದುಂಟೇ? ಆ ಮಾಯಾತಳ ಲ್ಯಾಂಟರ್ನ್ ಮೀನುಗಳಂಥ ಜೀವಿಗಳ ದಟ್ಟ ಹಿಂಡು.

ನಮ್ಮ ಅರಬ್ಬೀ ಸಮುದ್ರ

● ಕರ್ನಾಟಕದ ಕಡಲಂಚು ಸುಮಾರು 320 ಕಿಲೋಮೀಟರ್. ಆಳ ಬೇಕೆಂದರೆ ಅಲ್ಲಿಂದ ಪಶ್ಚಿಮಕ್ಕೆ ಇನ್ನೂ ಬಹಳ ದೂರ ಸಾಗಬೇಕು. ಆ ನಡುಗಡಲಿನ ದೊರೆ ನೇರಳೆ ಬೆನ್ನಿನ ಸ್ಕ್ವಿಡ್. ಬೆನ್ನಿನ ಮೇಲೆ ಅಂಡಾಕಾರದ ಬೆಳಕಿನ ಪಟ್ಟಿ. ಬೆದರಿದರೆ ನೀರಿನಿಂದ ಚಿಮ್ಮಿ ಗಾಳಿಯಲ್ಲಿ ತೇಲಿಹೋಗುತ್ತದೆ. ಈ ಜಾತಿಯ ದೈತ್ಯ ರೂಪಕ್ಕೆ ಅರಬ್ಬೀ ಸಮುದ್ರವೇ ಹೆಸರುವಾಸಿ. ಸಮಭಾಜಕದ ಬಳಿಯ ಕುಳ್ಳ ರೂಪಕ್ಕೆ ಬೆನ್ನ ಮೇಲಿನ ಆ ದೀಪವಿಲ್ಲ.

● ಅರಬ್ಬೀ ಸಮುದ್ರದ ಮಧ್ಯದ ಆಳದಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವ ದಪ್ಪ ಪದರವಿದೆ. ಲ್ಯಾಂಟರ್ನ್ ಮೀನುಗಳು ಹಗಲನ್ನು ಅಲ್ಲೇ ಕಳೆಯುತ್ತವೆ. ಉಸಿರು ಕಟ್ಟಿಸುವ ಆ ಜಾಗಕ್ಕೆ ದೊಡ್ಡ ಬೇಟೆಗಾರರು ಸುಲಭಕ್ಕೆ ಬರುವುದಿಲ್ಲ.

● ಭಾರತದ ಆಳಸಮುದ್ರವನ್ನು ಮೊದಮೊದಲು ಶೋಧಿಸಿದ ಹಡಗು ‘ಇನ್ವೆಸ್ಟಿಗೇಟರ್’. ಅದರಲ್ಲಿ ವೈದ್ಯನೂ ಜೀವಿತಜ್ಞನೂ ಆಗಿದ್ದ ಆಲ್ಫ್ರೆಡ್ ಆಲ್ಕಾಕ್ 1902ರಲ್ಲಿ ತನ್ನ ಅನುಭವಗಳನ್ನು ಪುಸ್ತಕವಾಗಿಸಿದ. ಆಳದಿಂದ ಬಂದ ಹೆಟೆರೋಕಾರ್ಪಸ್ ಸಿಗಡಿಗಳು ಉಗುಳಿದ ನೀಲಿ ಬೆಳಕಿನಲ್ಲಿ ಬಕೆಟ್ಟಿನೊಳಗಿನದೆಲ್ಲ ನಿಚ್ಚಳವಾಗಿ ಕಂಡಿತು ಎಂಬುದು ಅದರಲ್ಲಿನ ಒಂದು ಸ್ವಾರಸ್ಯ.

● 2020ರ ನವೆಂಬರ್‌ನಲ್ಲಿ ಉಡುಪಿ, ಮಂಗಳೂರು ಭಾಗದ ಅಲೆಗಳು ರಾತ್ರಿ ನೀಲಿಯಾಗಿ ಹೊಳೆದು ಜನ ಬೀಚಿಗೆ ಮುಗಿಬಿದ್ದರು. ಅದು ನಾಕ್ಟಿಲುಕಾ ಎಂಬ ಏಕಕೋಶ ಜೀವಿಯ ಕೆಲಸ. ಅಲೆ ಅಪ್ಪಳಿಸಿದಾಗ, ಕಾಲು ತಗುಲಿದಾಗ ಮಿಂಚುತ್ತದೆ. ಹಗಲು ನೋಡಿದರೆ ಅದೇ ನೀರು ಮಾಸಲು ಕೆಂಪೋ ಹಸಿರೋ. ಕೇರಳದವರು ಇದನ್ನು ‘ಕವರು’ ಎನ್ನುತ್ತಾರೆ. ‘ಕುಂಬಳಂಗಿ ನೈಟ್ಸ್’ ಸಿನಿಮಾ ನೋಡಿದವರಿಗೆ ನೆನಪಿರುತ್ತದೆ.

● ನಾಕ್ಟಿಲುಕಾದಲ್ಲಿ ಕೆಂಪು, ಹಸಿರು ಎಂಬ ಎರಡು ಬಗೆ. ಹಸಿರಿನದರ ಹೊಟ್ಟೆಯಲ್ಲಿ ದ್ಯುತಿಸಂಶ್ಲೇಷಣೆ ಮಾಡುವ ಪುಟ್ಟ ಜೀವಿಗಳು ವಾಸವಾಗಿವೆ. ಹಾಗಾಗಿ ಅದು ಬೇಟೆಯಾಡಿಯೂ ಬದುಕುತ್ತದೆ, ಬಿಸಿಲಿನಿಂದಲೂ ಬದುಕುತ್ತದೆ. ಉತ್ತರ ಅರಬ್ಬೀ ಸಮುದ್ರದಲ್ಲಿ ಚಳಿಗಾಲದ ಪಾಚಿಗಳನ್ನು ಇದು ಹಿಂದೆ ಹಾಕುತ್ತಿದೆ ಎಂದು ಹೆಲ್ಗಾ ಗೋಮ್ಸ್, ಜೋಕಿಂ ಗೋಯೆಸ್ ಮತ್ತಿತರರು 2014ರಲ್ಲಿ ವರದಿ ಮಾಡಿದರು. ಕಣ್ಣಿಗೆ ಹಬ್ಬವಾದರೂ ಮೀನಿಗೆ ಒಳ್ಳೆಯ ಸುದ್ದಿಯಲ್ಲ: ದಟ್ಟವಾಗಿ ಬೆಳೆದರೆ ನೀರಿನಲ್ಲಿ ಅಮೋನಿಯಾ ಏರುತ್ತದೆ, ಆಮ್ಲಜನಕ ಇಳಿಯುತ್ತದೆ.

● ಇಡೀ ಕಡಲೇ ಹಾಲಿನಂತೆ ಸಮನಾಗಿ ಬೆಳಗುವ ‘ಹಾಲ್ಗಡಲು’ ಬೇರೆಯದೇ ವಿದ್ಯಮಾನ. ಅದು ಬ್ಯಾಕ್ಟೀರಿಯಾಗಳದ್ದು, ಮಿಂಚಿ ಆರುವುದಿಲ್ಲ, ಒಂದೇ ಸಮನೆ ಬೆಳಗುತ್ತದೆ. ವಾಯುವ್ಯ ಹಿಂದೂ ಮಹಾಸಾಗರ ಅದರ ಮುಖ್ಯ ತಾಣ. 1995ರ ಜನವರಿಯಲ್ಲಿ ಸೊಮಾಲಿಯಾ ಬಳಿ ‘ಲಿಮಾ’ ಹಡಗಿನವರು ಕಂಡ ಹಾಲ್ಗಡಲನ್ನು ವಿಜ್ಞಾನಿಗಳು ಹತ್ತು ವರ್ಷಗಳ ನಂತರ ಹಳೆಯ ಉಪಗ್ರಹ ಚಿತ್ರಗಳಲ್ಲಿ ಪತ್ತೆಹಚ್ಚಿದರು. ವಿಸ್ತೀರ್ಣ 15,400 ಚದರ ಕಿಲೋಮೀಟರ್, ಅಂದರೆ ನಮ್ಮ ಅತಿ ದೊಡ್ಡ ಜಿಲ್ಲೆ ಬೆಳಗಾವಿಗಿಂತಲೂ ಹೆಚ್ಚು.

● 2019ರಲ್ಲಿ ಜಾವಾ ದ್ವೀಪದ ದಕ್ಷಿಣಕ್ಕೆ ಹೊಳೆದ ಹಾಲ್ಗಡಲು ಒಂದು ಲಕ್ಷ ಚದರ ಕಿಲೋಮೀಟರ್ ಮೀರಿತ್ತು. ಅರ್ಧ ಕರ್ನಾಟಕಕ್ಕಿಂತ ದೊಡ್ಡದು. ಅದರ ಮೇಲೆಯೇ ಹಾದುಹೋಗಿ ಕಣ್ಣಾರೆ ಕಂಡ ಪುಟ್ಟ ಹಾಯಿದೋಣಿಯ ಹೆಸರು ‘ಗಣೇಶ’!

● ಬೆಳಕಿಗೆ ಮುತ್ತುವ ಸ್ವಭಾವವೇ ಬೊಂಡಾಸಿಗೆ ಮುಳುವು. ಜನರೇಟರ್, ಎಲ್‌ಇಡಿ ಹೊತ್ತ ದೋಣಿಗಳ ‘ಲೈಟ್ ಫಿಶಿಂಗ್’ ಮರಿಮೀನುಗಳನ್ನೂ ಬಿಡದೆ ಬಳಿಯುತ್ತದೆ ಎಂದು ನಾಡದೋಣಿ ಮೀನುಗಾರರ ದೂರು. 2017ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇದನ್ನು ನಿಷೇಧಿಸಿತು.

ಪೀಣ್ಯದಿಂದ ಪ್ರಯೋಗಾಲಯಕ್ಕೆ

● ಕಡಲಿಲ್ಲದ ಬೆಂಗಳೂರಿನ ಪಶ್ಚಿಮ ಭಾಗಕ್ಕೂ ಕಡಲಿನ ನಂಟಿದೆ. ಪೀಣ್ಯದಲ್ಲಿರುವ ಇಸ್ರೋದ ‘ಇಸ್ಟ್ರ್ಯಾಕ್’ ಕೇಂದ್ರ ಉಪಗ್ರಹಗಳ ಮೇಲೆ ಹಗಲಿರುಳು ನಿಗಾ ಇಡುತ್ತದೆ. ಅವುಗಳಲ್ಲೊಂದಾದ, 2022ರ ನವೆಂಬರ್ 26ರಂದು ಹಾರಿದ ಇಒಎಸ್–06 (ಓಷನ್‌ಸ್ಯಾಟ್–3) ಕಡಲ ಬಣ್ಣವನ್ನು ಅಳೆಯುವ ಕ್ಯಾಮೆರಾ ಹೊತ್ತಿದೆ. ಅದು ರಾತ್ರಿಯ ಹೊಳಪನ್ನಲ್ಲ, ಹಗಲಿನ ಪಾಚಿಯ ಬಣ್ಣವನ್ನು ಓದುತ್ತದೆ. ಮೀನು ಎಲ್ಲಿ ಸಿಗಬಹುದು, ಪಾಚಿ ಎಲ್ಲಿ ಉಕ್ಕಿದೆ ಎಂಬ ಮುನ್ಸೂಚನೆಗಳನ್ನು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಇಂಥ ಮಾಹಿತಿಯಿಂದ ತಯಾರಿಸುತ್ತದೆ.

● ಜಪಾನಿನ ಒಸಾಮು ಶಿಮೊಮುರಾ 1961ರ ಬೇಸಿಗೆಯಲ್ಲಿ ಅಮೆರಿಕದ ಕಡಲತೀರದಲ್ಲಿ ಸುಮಾರು 10,000 ಲೋಳೆಮೀನುಗಳನ್ನು ಹಿಡಿದು ಹಿಂಡಿ ಬೆಳಕಿನ ಪ್ರೋಟೀನು ತೆಗೆದರು. ಜೊತೆಗೆ ಉಪಉತ್ಪನ್ನವಾಗಿ ಸಿಕ್ಕಿದ್ದು ಹಸಿರು ಹೊಳಪಿನ ಜಿಎಫ್‌ಪಿ. ಇವತ್ತು ಜೀವಕೋಶದೊಳಗೆ ಏನು ನಡೆಯುತ್ತಿದೆ ಎಂದು ನೋಡಲು ಪ್ರಪಂಚದ ಜೀವವಿಜ್ಞಾನ ಪ್ರಯೋಗಾಲಯಗಳೆಲ್ಲ ಬಳಸುವ ದೀಪ ಅದೇ. 2008ರಲ್ಲಿ ಶಿಮೊಮುರಾ, ಮಾರ್ಟಿನ್ ಚಾಲ್ಫಿ, ರೋಜರ್ ಸಿಯೆನ್ ಅವರಿಗೆ ರಸಾಯನವಿಜ್ಞಾನದ ನೊಬೆಲ್ ಬಂತು.

● ಬೆಳಗುವ ಬ್ಯಾಕ್ಟೀರಿಯಾ ಒಂಟಿಯಾಗಿದ್ದಾಗ ಬೆಳಗುವುದಿಲ್ಲ. ಸಾಕಷ್ಟು ಮಂದಿ ಸೇರಿದ್ದಾರೆ ಎಂದು ರಾಸಾಯನಿಕ ಸಂಜ್ಞೆಯಿಂದ ಖಚಿತವಾದ ಮೇಲಷ್ಟೇ ದೀಪ. 1970ರಲ್ಲಿ ಗೊತ್ತಾದ ಈ ‘ಕೋರಂ’ ಪದ್ಧತಿಯನ್ನು ರೋಗ ತರುವ ಬ್ಯಾಕ್ಟೀರಿಯಾಗಳೂ ಪಾಲಿಸುತ್ತವೆ. ಅವುಗಳ ಮಾತುಕತೆ ಕೆಡಿಸಿ ರೋಗ ತಡೆಯಬಹುದೇ ಎಂಬ ಸಂಶೋಧನೆಗೆ ಬುನಾದಿ ಇದೇ.

● ಬೆಳಕನ್ನು ವಾಂತಿ ಮಾಡುವ ಆಳಸಮುದ್ರದ ಸಿಗಡಿಯೊಂದರ ಕಿಣ್ವವನ್ನು ತಿದ್ದಿ 2012ರಲ್ಲಿ ‘ನ್ಯಾನೋಲುಕ್’ ರೂಪಿಸಲಾಯಿತು. ಮಿಂಚುಹುಳುವಿನ ಕಿಣ್ವಕ್ಕಿಂತ ಸುಮಾರು 150 ಪಟ್ಟು ಪ್ರಖರ. ಔಷಧ ಸಂಶೋಧನೆಯಲ್ಲಿ ಬಳಕೆಯಲ್ಲಿದೆ.

● ಎರಡನೇ ಮಹಾಯುದ್ಧದಲ್ಲಿ ಜಪಾನಿ ಸೈನಿಕರು ಒಣಗಿಸಿದ ಪುಟ್ಟ ಕಡಲಜೀವಿಗಳ ಪುಡಿಯನ್ನು ಅಂಗೈಯಲ್ಲಿ ಒದ್ದೆ ಮಾಡಿ, ಆ ಮಂದ ಬೆಳಕಲ್ಲಿ ನಕ್ಷೆ ಓದುತ್ತಿದ್ದರು.

● ಮುಂದೆ ಅಪೋಲೊ–13ರ ನಾಯಕರಾದ ಜಿಮ್ ಲೊವೆಲ್ 1950ರ ದಶಕದಲ್ಲಿ ಜಪಾನ್ ಬಳಿ ರಾತ್ರಿ ಹಾರಾಟದಲ್ಲಿದ್ದಾಗ ವಿಮಾನದ ಒಳದೀಪಗಳೆಲ್ಲ ಆರಿಹೋದವು. ಕತ್ತಲಾದದ್ದೇ ಒಳ್ಳೆಯದಾಯಿತು: ಕೆಳಗೆ ಯುದ್ಧನೌಕೆಯ ಹಿಂದೆ ಹೊಳೆಯುತ್ತಿದ್ದ ಕಡಲ ಗೆರೆ ಕಂಡಿತು. ಅದನ್ನೇ ಹಿಂಬಾಲಿಸಿ ಇಳಿದರು.

● 1934ರ ಆಗಸ್ಟ್ 15ರಂದು ವಿಲಿಯಂ ಬೀಬ್ ಮತ್ತು ಓಟಿಸ್ ಬಾರ್ಟನ್ ಉಕ್ಕಿನ ಗೋಳದೊಳಗೆ ಮುದುರಿ ಕುಳಿತು ಬರ್ಮುಡಾ ಬಳಿ 923 ಮೀಟರ್ ಇಳಿದರು. ಕಂಡ ಬೆಳಕುಗಳನ್ನೆಲ್ಲ ಬೀಬ್ ಫೋನಿನಲ್ಲಿ ವರ್ಣಿಸಿದರೆ ಮೇಲೆ ಗ್ಲೋರಿಯಾ ಹಾಲಿಸ್ಟರ್ ಬರೆದುಕೊಳ್ಳುತ್ತಿದ್ದರು.

● ಭಾರತದ ‘ಸಮುದ್ರಯಾನ’ದ ಗುರಿ 6,000 ಮೀಟರ್. ಚೆನ್ನೈನ ಎನ್‌ಐಒಟಿ ರೂಪಿಸುತ್ತಿರುವ ‘ಮತ್ಸ್ಯ–6000’ರಲ್ಲಿ 2.1 ಮೀಟರ್ ವ್ಯಾಸದ ಟೈಟೇನಿಯಂ ಗೋಳದೊಳಗೆ ಮೂವರು ಕೂರುತ್ತಾರೆ. ಗೋಳದ ನಿರ್ಮಾಣಕ್ಕೆ ಇಸ್ರೋದ ನೆರವಿದೆ. 2025ರ ಆಗಸ್ಟ್‌ನಲ್ಲಿ ಫ್ರಾನ್ಸಿನ ‘ನಾಟೀಲ್’ ನೌಕೆಯಲ್ಲಿ ಅಟ್ಲಾಂಟಿಕ್‌ಗಿಳಿದ ಇಬ್ಬರು ಭಾರತೀಯರಲ್ಲಿ ಒಬ್ಬರು 5,002 ಮೀಟರ್ ಮುಟ್ಟಿದರು.

ನೋಡಬೇಕೇ? ಹೀಗೆ ಮಾಡಿ

● ಆಳಕ್ಕೆ ಇಳಿಯಲಾಗದಿದ್ದರೂ ನಾಕ್ಟಿಲುಕಾದ ಮಿಂಚು ನೋಡಲು ನೌಕೆ ಬೇಡ. ಮಲ್ಪೆ, ಪಡುಕೆರೆ, ಮಂಗಳೂರು ಕಡೆಯಿಂದ ಕಡಲು ಹೊಳೆಯುತ್ತಿದೆ ಎಂಬ ಸುದ್ದಿ ಬಂದ ವಾರದಲ್ಲೇ ಹೊರಡಿ. ಹೂವಿನಂತೆ ಅದಕ್ಕೂ ಆಯುಸ್ಸು ಕಡಿಮೆ.

● ಅಮಾವಾಸ್ಯೆಯ ಆಸುಪಾಸಿನ ದಿನ ಆರಿಸಿ. ಬೀಚಿನ ಹೈಮಾಸ್ಟ್ ದೀಪದಿಂದ ದೂರ ನಡೆಯಿರಿ. ಮೊಬೈಲ್ ಜೇಬಿಗೆ ಹಾಕಿ, ಕಣ್ಣಿಗೆ ಕತ್ತಲು ಹೊಂದಲು ಕನಿಷ್ಠ 20 ನಿಮಿಷ ಕೊಡಿ.

● ಒದ್ದೆ ಮರಳಿನ ಮೇಲೆ ಕಾಲು ಎಳೆಯಿರಿ, ಮಿಂಚು ಅಲ್ಲೇ ಸಿಗುತ್ತದೆ. ರಾತ್ರಿ ನೀರಿಗಿಳಿಯಬೇಡಿ. ಫೋಟೋ ಬೇಕೆಂದರೆ ಮೊಬೈಲನ್ನು ಅಲುಗದಂತೆ ಇಟ್ಟು ನೈಟ್ ಮೋಡ್ ಬಳಸಿ. ಫ್ಲ್ಯಾಶ್ ಹಾಕಿದಿರೋ, ಬರುವುದು ಬರೀ ಮರಳಿನ ಚಿತ್ರ. ಪಕ್ಕದಲ್ಲಿ ನಿಂತವರ ಬೈಗುಳ ಬೋನಸ್.